ಬಿದ್ದ ರಾಕೆಟ್ಟಿಗೆ ಬಣ್ಣ ಹೊಡೆದು ಮತ್ತೆ ಹಾರಿಸಬೇಡಿ

ಕಾಲೇಜುಗಳಲ್ಲಿ ದೊಡ್ಡ ಮಾದರಿ ರಾಕೆಟ್ ಕಟ್ಟುತ್ತಿರುವ ಹುಡುಗ ಹುಡುಗಿಯರು, ಅವರ ಬೆನ್ನಿಗೆ ನಿಂತಿರುವ ನನ್ನಂಥ ಮೇಷ್ಟ್ರುಗಳು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಏಪ್ರಿಲ್‌ನಲ್ಲಿ ಕೊಪ್ಪಳ ಜಿಲ್ಲೆಯ ಕುಕನೂರಿನ ಹತ್ತಿರ ಒಂದು ಎರೆಹೊಲದಲ್ಲಿ ನಮ್ಮ ರಾಕೆಟ್ ಹಾರಿಸಿದೆವು. ಹಾರಿ 2 ಸೆಕೆಂಡ್ ಆಗುವಷ್ಟರಲ್ಲಿ ಬಾಲದ ಒಂದು ಫಿನ್, ಅಂದರೆ ರಾಕೆಟ್ಟನ್ನು ನೇರ ಹಾರಿಸುವ ರೆಕ್ಕೆ, ಕಿತ್ತುಕೊಂಡು ಹೋಯಿತು. ರಾಕೆಟ್ ಅಡ್ಡ ತಿರುಗಿತು. 300 ಮೀಟರ್ ಆಚೆ ಬೇವಿನ ಮರದ ಕೆಳಗೆ ಒಂದು ಜೋಡಿ ಎತ್ತು ಕಟ್ಟಿದ್ದರು. ಅವುಗಳಿಂದ 40 ಹೆಜ್ಜೆ ದೂರದಲ್ಲಿ ಅದು ಮೂತಿ ಕೆಳಗೆ ಮಾಡಿ ನೆಲಕ್ಕೆ ಹೊಕ್ಕಿತು. ಐದೂವರೆ ಕಿಲೋ ತೂಕದ ರಾಕೆಟ್ ಅದು.

ಯಾರಿಗೂ ಏನೂ ಆಗಲಿಲ್ಲ. ಹೊಲದ ಯಜಮಾನರು ಬಂದು ನೋಡಿದರು. ಬೈಯಲಿಲ್ಲ. "ಎತ್ತಿಗೆ ಏನೂ ಆಗಿಲ್ಲ ಬಿಡ್ರಿ ಸರ. ಆದ್ರ ಆ ಮರದ ಬುಡಕ ದಿನಾ ನಮ್ಮ ಮೊಮ್ಮಗ ಆಡ್ತಿರ್ತಾನ" ಅಂದರು. ಆ ಮಾತು ಕೇಳಿದ ಮೇಲೆ ಎಷ್ಟೋ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ತಪ್ಪು ಆಗಿದ್ದು ಆವತ್ತಲ್ಲ. ಅದಕ್ಕಿಂತ ಎರಡು ತಿಂಗಳ ಹಿಂದೆ, ನಾವು ರಿಪೇರಿ ಮಾಡಿದ ರಾತ್ರಿ.

ಮೋಟಾರಿನ ಒಟ್ಟು ಇಂಪಲ್ಸ್, ಅಂದರೆ ಅದು ಉರಿದು ಮುಗಿಯುವ ತನಕ ಕೊಡುವ ಒಟ್ಟು ತಳ್ಳು, 160 ನ್ಯೂಟನ್-ಸೆಕೆಂಡ್ ದಾಟಿದರೆ ಅದನ್ನು ಹೈ ಪವರ್ ಅನ್ನುತ್ತಾರೆ. ನಮ್ಮದು ಜೆ ದರ್ಜೆ, ಅಂದರೆ 640ರಿಂದ 1280ರ ನಡುವೆ. ರಾಕೆಟ್ಟಿನ ಬಾಡಿ 10 ಸೆಂಟಿಮೀಟರ್ ವ್ಯಾಸದ ಗ್ಲಾಸ್ ಫೈಬರ್ ಕೊಳವೆ. ಫೆಬ್ರುವರಿಯಲ್ಲಿ ಬಿಳಿಜೋಳ ಕೊಯ್ದ ಹೊಲದಲ್ಲಿ ಮೊದಲ ಸಲ ಹಾರಿಸಿದಾಗ ಚೆನ್ನಾಗಿಯೇ ಮೇಲೆ ಹೋಯಿತು. ಸುಮಾರು 900 ಮೀಟರ್ ಮುಟ್ಟಿತು. ಇಳಿಯುವಾಗ ದೊಡ್ಡ ಪ್ಯಾರಾಚೂಟ್ ದಾರಕ್ಕೆ ಸುತ್ತಿಕೊಂಡು ಅರ್ಧ ಮಾತ್ರ ಬಿಚ್ಚಿತು. ಎರೆಮಣ್ಣು ಒಣಗಿದರೆ ಹೇಗಿರುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಕಲ್ಲಿನಷ್ಟು ಗಟ್ಟಿ. ಬಾಲ ಮುಂದಾಗಿ ಬಿತ್ತು, ಒಂದೇ ಫಿನ್ ಮೇಲೆ ಅಷ್ಟೂ ಭಾರ ಬಿತ್ತು.

ಎತ್ತಿ ನೋಡಿದೆವು. ಫಿನ್‌ನ ಬುಡದಲ್ಲಿ ಕೂದಲೆಳೆಯಂಥ ಒಂದು ಬಿರುಕು, ನಾಲ್ಕು ಬೆರಳು ಉದ್ದ. ಅಷ್ಟೇ ಕಂಡಿದ್ದು. ಮಾರನೇ ದಿನ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಇಡಬೇಕಿತ್ತು. ಹುಡುಗರು ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿ ಹಚ್ಚುವ ಅಂಟು, ತಂದರು. ಬಿರುಕಿನ ಮೇಲೆ ದಪ್ಪಗೆ ಎಳೆದು, ಬೆರಳಲ್ಲಿ ನಯ ಮಾಡಿ, ಪುಟ್ಟಿ ಹಚ್ಚಿದರು. ಬೆಳಿಗ್ಗೆ ಬಾಲದ ಭಾಗಕ್ಕೆ ಕಪ್ಪು ಸ್ಪ್ರೇ ಬಣ್ಣ ಹೊಡೆದರು. ಹೊಸದರ ಹಾಗೆ ಹೊಳೆಯಿತು. ನಾನು ಫಿನ್ ಹಿಡಿದು ಅಲ್ಲಾಡಿಸಿ ನೋಡಿದೆ, ಅಲುಗಲಿಲ್ಲ. "ಗಟ್ಟಿ ಐತಿ" ಅಂದೆ. ಪ್ರದರ್ಶನಕ್ಕೆ ಅಂತ ಮಾಡಿದ ಆ ರಿಪೇರಿ ಏಪ್ರಿಲ್‌ನಲ್ಲಿ ಹಾರಾಟಕ್ಕೂ ಹಾಗೇ ಹೋಯಿತು. ನಡುವೆ ಒಬ್ಬರೂ ಅದನ್ನು ಮತ್ತೆ ತೆರೆದು ನೋಡಲಿಲ್ಲ.

ಬಿದ್ದ ಮೇಲೆ ಮೊದಲ ವಾರ ನಾವು ಗಾಳಿಯನ್ನು ದೂರಿದೆವು, ಮೋಟಾರನ್ನು ದೂರಿದೆವು. ಫೋನಿನಲ್ಲಿ ತೆಗೆದ ಸ್ಲೋ ಮೋಷನ್ ವಿಡಿಯೋ ನೋಡಿದಾಗ ಮಾತ್ರ ಅನುಮಾನ ಬಂತು. ಕಿತ್ತು ಹೋಗುವ ಮುಂಚೆ ಆ ಫಿನ್ ಗಾಳಿಗೆ ಸಿಕ್ಕ ತೆಂಗಿನ ಗರಿಯ ಹಾಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಬುಡ ಸಡಿಲವಿದ್ದರೆ ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ಹಾಗೇ ಆಗುತ್ತೆ. ಅದನ್ನು ಫ್ಲಟರ್ ಅನ್ನುತ್ತಾರೆ. ಆಮೇಲೆ ಯಜಮಾನರ ಫೋನ್ ಬಂತು: "ಸರ, ನಿಮ್ಮ ರಾಕೇಟಿನ ರೆಕ್ಕಿ ನೆಲದ ಬಿರುಕಿನ್ಯಾಗ ಸಿಕ್ಕೈತ್ರಿ, ಬಂದು ಒಯ್ರಿ." ಆವತ್ತೇ ಹೋದೆ.

ಆ ಫಿನ್ ಕೈಗೆ ಬಂದ ಮೇಲೆ ಎಲ್ಲ ಗೊತ್ತಾಯಿತು. ಬುಡದಲ್ಲಿ ನಾವು ಹಚ್ಚಿದ ಎಪಾಕ್ಸಿ ಪಟ್ಟಿ ಇಡಿಯಾಗಿ ಹಾಗೇ ಇತ್ತು. ಮುರಿದಿರಲಿಲ್ಲ. ಅದರ ಹಿಂಬದಿ ಕನ್ನಡಿಯಷ್ಟು ನುಣ್ಣಗಿತ್ತು. ಅದಕ್ಕೆ ತೆಳ್ಳಗೆ ಕೆಂಪು ಬಣ್ಣದ ಪೊರೆ ಅಂಟಿತ್ತು. ಕೆಂಪು ನಮ್ಮ ರಾಕೆಟ್ಟಿನ ಮೊದಲಿನ ಬಣ್ಣ. ಅಂಟು ಹಿಡಿದಿದ್ದು ಹಳೇ ಬಣ್ಣವನ್ನು. ಬಣ್ಣ ಗ್ಲಾಸ್ ಫೈಬರ್ ಬಿಟ್ಟು ಎದ್ದು ಬಂತು. ಅಂಟು ಎಷ್ಟೇ ಗಟ್ಟಿಯಿದ್ದರೂ ಅದರ ಕೆಳಗಿನ ಬಣ್ಣ ಎಷ್ಟು ಹಿಡಿದಿದೆಯೋ ಅಷ್ಟೇ ಅದರ ಬಲ, ಅಲ್ವಾ?

ಇನ್ನೂ ಒಂದಿತ್ತು. ಫಿನ್‌ನ ಬುಡ ಬಾಡಿಯ ಸೀಳಿನೊಳಗೆ ತೂರಿ ಒಳಗಿನ ಮೋಟಾರ್ ಟ್ಯೂಬಿಗೆ ಅಂಟಿರುತ್ತದೆ. ನಿಜವಾದ ಬಲ ಇರುವುದು ಅಲ್ಲಿ. ಬಾಲವನ್ನು ಉದ್ದಕ್ಕೆ ಸೀಳಿ ನೋಡಿದೆವು. ಒಳಗಿನ ಆ ಅಂಟು ಫೆಬ್ರುವರಿಯಲ್ಲೇ ಬಿಟ್ಟಿತ್ತು. ಬಿರುಕಿನ ಸಂದಿಯಲ್ಲಿ ಫೆಬ್ರುವರಿಯ ಕರಿಮಣ್ಣಿನ ಪುಡಿ ಕೂತಿತ್ತು. ಮೋಟಾರ್ ಟ್ಯೂಬನ್ನು ಬಾಡಿಯ ನಡುವೆ ಹಿಡಿದಿಡುವ ಬಳೆ, ಪಕ್ಕದ ಸೆಂಟರಿಂಗ್ ರಿಂಗ್ ಕೂಡ ಸೀಳಿತ್ತು. ಹೊರಗೆ ಕಂಡ ಕೂದಲೆಳೆ ಬಿರುಕು ಒಳಗಿನ ಈ ಪೆಟ್ಟಿನ ಗುರುತು ಅಷ್ಟೇ. ಗುರುತನ್ನು ಮುಚ್ಚಿ ಪೆಟ್ಟನ್ನು ಒಳಗೇ ಬಿಟ್ಟಿದ್ದೆವು.

ಮೂರನೆಯದು ನಮ್ಮ ಬಿಸಿಲು. ಬಳ್ಳಾರಿ, ರಾಯಚೂರು, ಕೊಪ್ಪಳದವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಏಪ್ರಿಲ್ ಅಂದರೆ 40 ಡಿಗ್ರಿ. ಕಪ್ಪು ಬಣ್ಣದ ಬಾಲವನ್ನು ಕಿಟಕಿ ಮುಚ್ಚಿದ ಜೀಪಿನಲ್ಲಿ ಎರಡು ತಾಸು ಇಟ್ಟಿದ್ದೆವು. ಒಳಗೆ ಇನ್ನೂ ಜಾಸ್ತಿ ಕಾದಿರುತ್ತದೆ. ಬೇಗ ಗಟ್ಟಿಯಾಗುವ ಎಪಾಕ್ಸಿಗಳಲ್ಲಿ ಹಲವು 50 ಡಿಗ್ರಿಯ ಆಸುಪಾಸಿಗೇ ಮೆತ್ತಗಾಗತೊಡಗುತ್ತವೆ. ಆಮೇಲೆ ಅದೇ ಅಂಟಿನ ಒಂದು ತುಂಡನ್ನು ಮಧ್ಯಾಹ್ನ ಜೀಪಿನಲ್ಲಿಟ್ಟು ಪರೀಕ್ಷೆ ಮಾಡಿದೆ. ಉಗುರು ಒತ್ತಿದರೆ ಬೇವಿನ ಅಂಟಿನ ಹಾಗೆ ಗುರುತು ಬಿತ್ತು. ಬೆಳಿಗ್ಗೆ ಲ್ಯಾಬಿನಲ್ಲಿ ಅದೇ ತುಂಡಿನ ಮೇಲೆ ಉಗುರು ಜಾರುತ್ತಿತ್ತು.

ರಿಪೇರಿಯಿಂದ ಬಾಲದ ತೂಕವೂ 180 ಗ್ರಾಂ ಏರಿತ್ತು. ತೂಕದ ಮಧ್ಯಬಿಂದು ಸುಮಾರು 2 ಸೆಂಟಿಮೀಟರ್ ಹಿಂದೆ ಸರಿದಿತ್ತು. ರಾಕೆಟ್ ಅಡ್ಡ ತಿರುಗದೆ ನೇರ ಹಾರಬೇಕಾದರೆ ಅದು ಗಾಳಿ ಒತ್ತಡದ ಮಧ್ಯಬಿಂದುವಿಗಿಂತ ಕಡೇಪಕ್ಷ ಬಾಡಿಯ ಒಂದು ವ್ಯಾಸದಷ್ಟು ಮುಂದಿರಬೇಕು. ನಮ್ಮದು ಇನ್ನೂ ಆ ಮಿತಿಯೊಳಗೇ ಇತ್ತು, ಆದ್ದರಿಂದ ಬೀಳಲು ಇದೇ ಕಾರಣ ಅನ್ನಲಾರೆ. ಆದರೆ ರಿಪೇರಿ ಆದಮೇಲೆ ನಾವು ಅದನ್ನು ಹಗ್ಗಕ್ಕೆ ತೂಗುಹಾಕಿ ಅಳೆಯಲೇ ಇಲ್ಲ. ಅಳೆಯದೆ ಹಾರಿಸಿದ್ದು ತಪ್ಪೇ.

ಈಗ ನಾವು ಮಾಡುವುದು ಹೀಗೆ. ಬಿದ್ದ ರಾಕೆಟ್ಟಿನೊಳಗೆ ಟಾರ್ಚ್ ಬಿಟ್ಟು ಒಂದೊಂದೇ ಜೋಡಣೆ ನೋಡುತ್ತೇವೆ. ನಾಣ್ಯದಿಂದ ಬುಡದ ಸುತ್ತ ತಟ್ಟುತ್ತೇವೆ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತೆ, ಬಿಟ್ಟುಕೊಂಡ ಕಡೆ ಸದ್ದು ಮಂಕಾಗುತ್ತೆ. ಅನುಮಾನ ಬಂದರೆ ಮುಲಾಜಿಲ್ಲದೆ ಕತ್ತರಿಸಿ ತೆರೆಯಿರಿ. ಪೆಟ್ಟಿನ ಸುತ್ತ ನಾಲ್ಕೈದು ಸೆಂಟಿಮೀಟರ್ ಬಣ್ಣ, ಪುಟ್ಟಿ ಎಲ್ಲ ತೆಗೆದು, 80 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಫೈಬರ್ ಕಾಣುವ ತನಕ ಉಜ್ಜಿ. ಮಾಸ್ಕ್ ಹಾಕದೆ ಉಜ್ಜಬೇಡಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸಿ, ಆಮೇಲೆ ಬೆರಳು ಕೂಡ ಮುಟ್ಟಿಸಬೇಡಿ. ನಿಧಾನಕ್ಕೆ ಗಟ್ಟಿಯಾಗುವ, ಬಿಸಿ ತಡೆಯುವ ಎಪಾಕ್ಸಿಯನ್ನು ತಕ್ಕಡಿಯಲ್ಲಿ ತೂಗಿ ಬೆರೆಸಿ. ಕಣ್ಣಳತೆ ಬೇಡ. ಅದರ ಮೇಲೆ ಗ್ಲಾಸ್ ಬಟ್ಟೆ ಕೂರಿಸಿ. ಮುಟ್ಟಲು 24 ತಾಸು ಸಾಕು, ಪೂರ್ತಿ ಬಲ ಬರಲು ಒಂದು ವಾರ ಬಿಡಿ. ಮೋಟಾರ್ ಟ್ಯೂಬ್ ಸುತ್ತ ಐದು ನಿಮಿಷದ ಅಂಟು ತಾಗಲೇಬಾರದು. ಬಣ್ಣ ಹೊಡೆದ ಮೇಲೆ ಗಾಳಿಯ ಒತ್ತಡದಿಂದ ಎತ್ತರ ಅಳೆದು ಪ್ಯಾರಾಚೂಟ್ ಬಿಚ್ಚಿಸುವ ಆಲ್ಟಿಮೀಟರಿನ ಗಾಳಿ ರಂಧ್ರಗಳನ್ನು ಒಂದೊಂದಾಗಿ ನೋಡಿ. ಪುಟ್ಟಿಯೋ ಬಣ್ಣವೋ ಅವನ್ನು ಮುಚ್ಚಿದರೆ ಅದಕ್ಕೆ ಎತ್ತರ ತಿಳಿಯುವುದಿಲ್ಲ, ಪ್ಯಾರಾಚೂಟ್ ಸಮಯಕ್ಕೆ ಬಿಚ್ಚುವುದೂ ಇಲ್ಲ.

ಇನ್ನೊಂದು ಮಾತು. ಏಪ್ರಿಲ್‌ನಲ್ಲಿ ರಾಕೆಟ್ ಬಿದ್ದ ತಕ್ಷಣ ನಮ್ಮ ಒಬ್ಬ ಹುಡುಗ ಅದನ್ನು ಎತ್ತಲು ಓಡಿದ. ಪ್ಯಾರಾಚೂಟ್ ಹೊರಗೆ ತಳ್ಳುವ ಮದ್ದು ಒಳಗೆ ಸಿಡಿಯದೆ ಹಾಗೇ ಇತ್ತು, ಆಲ್ಟಿಮೀಟರ್ ಇನ್ನೂ ಬೀಪ್ ಅನ್ನುತ್ತಿತ್ತು. "ತಮ್ಮಾ, ನಿಲ್ಲೋ!" ಅಂತ ನಾನು ಕೂಗಿದ್ದು ಅವನಿಗೆ ಕೇಳಿಸಿದ್ದು ನಮ್ಮ ಪುಣ್ಯ. ಬಿದ್ದ ರಾಕೆಟ್ಟಿನ ಹತ್ತಿರ ಎಲ್ಲರೂ ಹೋಗಬೇಡಿ. ಕಣ್ಣು ಕಾಯುವ ಕನ್ನಡಕ ಹಾಕಿಕೊಂಡ ಒಬ್ಬರೇ ಪಕ್ಕದಿಂದ ಹೋಗಿ ಮೊದಲು ಆಲ್ಟಿಮೀಟರಿನ ಸ್ವಿಚ್ ಆರಿಸಲಿ. ಎರಡೂ ತುದಿಗಳ ಎದುರಿಗೆ ಯಾರೂ ನಿಲ್ಲಬಾರದು.

ನಮ್ಮ ಆ ಬಾಲವನ್ನು ಮತ್ತೆ ಅಂಟಿಸುತ್ತಿಲ್ಲ, ಹೊಸದು ಕಟ್ಟುತ್ತಿದ್ದೇವೆ. ಕೆಂಪು ಪೊರೆ ಅಂಟಿದ ಆ ಫಿನ್ ಲ್ಯಾಬಿನ ಮೇಜಿನ ಮೇಲಿದೆ, ಹೊಸದಾಗಿ ತಂಡಕ್ಕೆ ಬರುವ ಹುಡುಗರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. ಈ ಮೂರು ಜಿಲ್ಲೆಗಳಲ್ಲಿ ಯಾರ ಹತ್ತಿರವಾದರೂ ಒಮ್ಮೆ ಬಿದ್ದು ರಿಪೇರಿಯಾದ ರಾಕೆಟ್ ಇದ್ದರೆ, ಮುಂದಿನ ಹಾರಾಟಕ್ಕೆ ಮುಂಚೆ ನಮ್ಮಲ್ಲಿಗೆ ತನ್ನಿ. ಟಾರ್ಚು, ತಕ್ಕಡಿ, ಗರಗಸ ಎಲ್ಲ ಇವೆ. ಕೂತು ಒಟ್ಟಿಗೆ ತೆರೆದು ನೋಡೋಣ.