ಎಡಿಟ್ ಎಲ್ಲಿ ಉಳಿಯುತ್ತದೆ? ಲೈಟ್‌ರೂಮ್, ಡಾರ್ಕ್‌ಟೇಬಲ್, ರಾಥೆರಪಿ ಮೂರನ್ನೂ ಬಳಸಿ ನೋಡಿದ ಮೇಲೆ

ಹಾಸನ, ಚಿಕ್ಕಮಗಳೂರು ಕಡೆ ಕ್ಯಾಮೆರಾ ಹಿಡಿದವರು ಸಾಮಾನ್ಯವಾಗಿ ಕೇಳುವುದು ಒಂದೇ. ಯಾವ ಸಾಫ್ಟ್‌ವೇರ್‌ನಲ್ಲಿ ಕಲರ್ ಚೆನ್ನಾಗಿ ಬರುತ್ತದೆ? ಲೈಟ್‌ರೂಮ್, ಡಾರ್ಕ್‌ಟೇಬಲ್, ರಾಥೆರಪಿ ಅನ್ನುವ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಮೂರನ್ನೂ ನಾನು ಸಾಕಷ್ಟು ಕಾಲ ಬಳಸಿದ್ದೇನೆ. ಕಲರ್ ಮೂರರಲ್ಲೂ ಬರುತ್ತದೆ, ಕೈ ಪಳಗಬೇಕು ಅಷ್ಟೆ. ನನಗೆ ಮುಖ್ಯ ಅನ್ನಿಸುವುದು ಎಡಿಟ್ ಎಲ್ಲಿ ಉಳಿಯುತ್ತದೆ ಅನ್ನುವುದು. ನಾಲ್ಕೈದು ವರ್ಷ ಬಿಟ್ಟು ಅದೇ ಫೋಟೋ ತೆರೆದರೆ ಆಗ ಏನೇನು ಮಾಡಿದ್ದೆ ಅಂತ ಕಾಣಬೇಕು. ಬೇಡವಾದದ್ದನ್ನು ತೆಗೆಯಲು ಬರಬೇಕು. ಮೂಲ ಫೈಲ್ ಹಾಗೇ ಇರಬೇಕು.

ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 8 ಬಿಟ್, ಅಂದರೆ 256 ಹಂತ. ಕ್ಯಾಮೆರಾ ಸೆನ್ಸರ್‌ನಿಂದ ನೇರವಾಗಿ ಬರುವ 14 ಬಿಟ್‌ನ ರಾ ಫೈಲ್‌ನಲ್ಲಿ 16,384 ಹಂತ. ಜೆಪೆಗ್ ತೆರೆದು ಎಡಿಟ್ ಮಾಡಿ ಅದರ ಮೇಲೇ ಸೇವ್ ಒತ್ತಿದರೆ ಹಳೆಯದು ಹೋಯಿತು. ಮತ್ತೆ ಮತ್ತೆ ಸೇವ್ ಮಾಡಿದ ಹಾಗೆ ಕ್ವಾಲಿಟಿಯೂ ಇಳಿಯುತ್ತದೆ. ಈ ಮೂರು ಸಾಫ್ಟ್‌ವೇರ್‌ಗಳು ರಾ ಫೈಲ್ ಒಳಗಿನ ಚಿತ್ರವನ್ನು ಮುಟ್ಟುವುದೇ ಇಲ್ಲ. ಎಕ್ಸ್‌ಪೋಶರ್ ಇಷ್ಟು ಏರಿಸು, ಇಲ್ಲಿ ಕ್ರಾಪ್ ಮಾಡು ಅಂತ ಒಂದು ಪಟ್ಟಿ ಬರೆದಿಟ್ಟುಕೊಳ್ಳುತ್ತವೆ. ಎಕ್ಸ್‌ಪೋರ್ಟ್ ಮಾಡಿದಾಗ ಆ ಪಟ್ಟಿಯ ಪ್ರಕಾರ ಹೊಸ ಜೆಪೆಗ್ ಕೊಡುತ್ತವೆ. ಆ ಪಟ್ಟಿಯನ್ನು ಎಲ್ಲಿಡುತ್ತವೆ ಅನ್ನುವುದರಲ್ಲೇ ಇರುವುದು ವ್ಯತ್ಯಾಸ.

ಕಾಫಿ ತೋಟದ ರೈಟರ್ ಎಲ್ಲಾ ಮೂಟೆಗಳ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯಬಹುದು, ಇಲ್ಲವೇ ಪ್ರತಿ ಮೂಟೆಗೂ ಒಂದು ಚೀಟಿ ಕಟ್ಟಬಹುದು. ಲೈಟ್‌ರೂಮ್ ಕ್ಲಾಸಿಕ್‌ನದು ಪುಸ್ತಕದ ದಾರಿ. ಎಲ್ಲವೂ ಕ್ಯಾಟಲಾಗ್ ಅನ್ನುವ ಒಂದು ಡೇಟಾಬೇಸ್ ಫೈಲ್‌ನಲ್ಲಿ ಕೂರುತ್ತದೆ. ರಾಥೆರಪಿಯದು ಚೀಟಿಯ ದಾರಿ. ಡಾರ್ಕ್‌ಟೇಬಲ್ ಎರಡನ್ನೂ ಇಡುತ್ತದೆ. ಒಳಗೊಂದು ಡೇಟಾಬೇಸ್, ಜೊತೆಗೆ ಪ್ರತಿ ಫೋಟೋ ಪಕ್ಕದಲ್ಲಿ ಒಂದು ಎಕ್ಸ್‌ಎಂಪಿ ಫೈಲ್. ಈ ಚೀಟಿಗಳಿಗೆ ಸೈಡ್‌ಕಾರ್ ಅನ್ನುತ್ತಾರೆ.

ಲೈಟ್‌ರೂಮ್‌ನಲ್ಲೂ ಚೀಟಿ ಬರೆಸಬಹುದು. ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾ ಟ್ಯಾಬ್‌ಗೆ ಹೋಗಿ, ಬದಲಾವಣೆಗಳನ್ನು ತಾನಾಗಿ ಎಕ್ಸ್‌ಎಂಪಿಗೆ ಬರೆಯುವ ಆಯ್ಕೆಗೆ ಟಿಕ್ ಹಾಕಬೇಕು. ಲೈಟ್‌ರೂಮ್ ಬಳಸುವವರು ಇವತ್ತೇ ಇದನ್ನು ಮಾಡಿ. ಆದರೂ ಎಲ್ಲವೂ ಹೊರಗೆ ಬರುವುದಿಲ್ಲ. ವರ್ಚುವಲ್ ಕಾಪಿ (ಒಂದೇ ಫೋಟೋದ ಇನ್ನೊಂದು ಎಡಿಟ್), ಕಲೆಕ್ಷನ್, ಹೆಜ್ಜೆ ಹೆಜ್ಜೆಯ ಹಿಸ್ಟರಿ, ಇವೆಲ್ಲ ಕ್ಯಾಟಲಾಗ್‌ನಲ್ಲಷ್ಟೇ ಇರುತ್ತವೆ. ಹಾಗಾಗಿ ಕ್ಯಾಟಲಾಗ್‌ನ ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು.

ಇನ್ನೊಂದು ಅದರ ಚಂದಾ. ಕಟ್ಟುವುದನ್ನು ನಿಲ್ಲಿಸಿದರೆ ಫೋಟೋ ನೋಡಬಹುದು, ಮಾಡಿದ ಎಡಿಟ್ ಸಮೇತ ಎಕ್ಸ್‌ಪೋರ್ಟ್ ಮಾಡಬಹುದು, ಆದರೆ ಡೆವಲಪ್ ಮಾಡ್ಯೂಲ್ ಮುಚ್ಚಿಕೊಳ್ಳುತ್ತದೆ. ಹಳೆಯ ಎಡಿಟ್‌ಗೆ ಮೊದಲಿನ ಹಾಗೆ ಕೈ ಹಾಕಲು ಬರುವುದಿಲ್ಲ. ಮದುವೆ ಸೀಸನ್‌ನಲ್ಲಿ ದುಡಿಯುವವರಿಗೆ ಇದು ದೊಡ್ಡ ವಿಷಯವಲ್ಲ. ವರ್ಷದಲ್ಲಿ ಆಗೊಮ್ಮೆ ಈಗೊಮ್ಮೆ ಎಡಿಟ್‌ಗೆ ಕೂರುವವರಿಗೆ ಇದು ಭಾರವೇ.

ಈಗ ಬೇಲೂರಿಗೆ ಬರೋಣ. ಮೂರನ್ನೂ ನಿಜವಾಗಿ ಪರೀಕ್ಷೆ ಮಾಡುವ ಫೋಟೋ ಬೇಕೆಂದರೆ ಚೆನ್ನಕೇಶವ ದೇವಸ್ಥಾನದ ಮದನಿಕೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 1117ರ ಹೊಯ್ಸಳ ಕೆಲಸ, ಬಳಪದ ಕಲ್ಲು, ಸೂರಿನ ಕೆಳಗೆ ಓರೆಯಾಗಿ ನಿಂತ ಶಿಲ್ಪ. ಕೆಳಗೆ ನಿಂತು ಮೇಲಕ್ಕೆ ಕ್ಯಾಮೆರಾ ಎತ್ತಿದರೆ ಮುಖ ಪೂರ್ತಿ ನೆರಳಿನಲ್ಲಿ, ಹಿಂದೆ ಬೆಳ್ಳಗೆ ಹೊಳೆಯುವ ಆಕಾಶ. ಆಕಾಶಕ್ಕೆ ಎಕ್ಸ್‌ಪೋಶರ್ ಹೊಂದಿಸಿದರೆ ಕಲ್ಲು ಕಪ್ಪು. ತಲೆಯ ಮೇಲಿನ ಎಲೆಬಳ್ಳಿಯ ಸಂದುಗಳಲ್ಲಿ ಚೂರು ಚೂರೇ ಆಕಾಶ ಬೇರೆ ಇಣುಕುತ್ತಿರುತ್ತದೆ.

ಲೈಟ್‌ರೂಮ್‌ನಲ್ಲಿ ಸೆಲೆಕ್ಟ್ ಸ್ಕೈ ಒತ್ತಿದರೆ ಸಾಕು, ಆಕಾಶಕ್ಕೆ ಮಾಸ್ಕ್ ಬೀಳುತ್ತದೆ, ಅಂದರೆ ಆ ಭಾಗ ಮಾತ್ರ ಆಯ್ಕೆಯಾಗುತ್ತದೆ. ಬಳ್ಳಿಯ ಸಂದುಗಳನ್ನು ಮಾತ್ರ ನಾವೇ ನೋಡಿ ಸೇರಿಸಿಕೊಳ್ಳಬೇಕು. ಬೆಳಕಿನ ಮಟ್ಟ ನೋಡಿ ಆರಿಸುವ ಲ್ಯೂಮಿನನ್ಸ್ ರೇಂಜ್ ಮಾಸ್ಕ್ ಜೊತೆಗಿಟ್ಟರೆ ಅದೂ ಬೇಗ ಆಗುತ್ತದೆ. ಆಮೇಲೆ ಶ್ಯಾಡೋಸ್ ಏರಿಸಿದರೆ ಮುಖ ಬೆಳಗುತ್ತದೆ. ಕೆಲಸ ಮುಗಿಯಿತು. ಇಷ್ಟು ಸಲೀಸು ಇನ್ನೆರಡರಲ್ಲಿ ಇಲ್ಲ.

ಡಾರ್ಕ್‌ಟೇಬಲ್‌ನಲ್ಲಿ ನಾನು ಬಳಸುವುದು ಟೋನ್ ಈಕ್ವಲೈಸರ್. ಇಲ್ಲಿ ಆಕಾಶವನ್ನು ಆರಿಸುವ ಕೆಲಸವೇ ಇಲ್ಲ. ಎಷ್ಟು ಬೆಳಕಿರುವ ಜಾಗವನ್ನು ಎಷ್ಟು ಏರಿಸಬೇಕು ಅಂತ ಹೇಳಿದರೆ ಆಯಿತು. ಮೊದಲು ಮಾಸ್ಕಿಂಗ್ ಟ್ಯಾಬ್‌ಗೆ ಹೋಗಿ, ಮಾಸ್ಕ್ ಎಕ್ಸ್‌ಪೋಶರ್ ಮತ್ತು ಕಾಂಟ್ರಾಸ್ಟ್ ಪಕ್ಕದ ಮಂತ್ರದಂಡದ ಐಕಾನ್‌ಗಳನ್ನು ಒತ್ತಬೇಕು. ಇದನ್ನು ಬಿಟ್ಟರೆ ಕೆಲವು ಸ್ಲೈಡರ್ ಎಳೆದರೂ ಫೋಟೋ ಅಲ್ಲಾಡದೇ ಇರಬಹುದು, ಹೊಸಬರು ಅಲ್ಲೇ ಬೇಸತ್ತು ಬಿಡುತ್ತಾರೆ. ಅದು ಸರಿಯಾದ ಮೇಲೆ ಮೌಸನ್ನು ಮದನಿಕೆಯ ಕೆನ್ನೆಯ ಮೇಲಿಟ್ಟು ಚಕ್ರ ತಿರುಗಿಸಿ ನೋಡಿ. ಅಷ್ಟು ಬೆಳಕಿನ ಕಲ್ಲು ಮಾತ್ರ ಮೇಲೇಳುತ್ತದೆ. ಸರದ ಮಣಿಗಳ ನಡುವಿನ ಸಣ್ಣ ನೆರಳು ನೆರಳಾಗಿಯೇ ಉಳಿಯುತ್ತದೆ. ಉಳಿ ಗೆರೆಗಳು ಮಾಸುವುದಿಲ್ಲ. ಕಲ್ಲು ಕಲ್ಲಾಗಿ ಕಾಣುತ್ತದೆ, ಪ್ಲಾಸ್ಟಿಕ್ ಥರ ಆಗುವುದಿಲ್ಲ. ಈ ಒಂದು ಕಾರಣಕ್ಕೆ ದೇವಸ್ಥಾನದ ಫೋಟೋಗಳಿಗೆ ನಾನು ಬೇರೆ ಯಾವುದನ್ನೂ ತೆರೆಯುವುದಿಲ್ಲ.

ರಾಥೆರಪಿಯ ಬಲ ಸೂಕ್ಷ್ಮ ವಿವರದಲ್ಲಿದೆ. ಅದರ ಕ್ಯಾಪ್ಚರ್ ಶಾರ್ಪನಿಂಗ್ ಆನ್ ಮಾಡಿ 100 ಪರ್ಸೆಂಟ್ ಜೂಮ್‌ನಲ್ಲಿ ನೋಡಿದರೆ ಶಿಲ್ಪದ ಕೂದಲ ಎಳೆ ಎಳೆಯೂ ಬಿಡಿಸಿಕೊಂಡು ನಿಲ್ಲುತ್ತದೆ. ಅದರ ಸೈಡ್‌ಕಾರ್ ಆದ ಪಿಪಿ3 ಫೈಲ್ ಬರೀ ಟೆಕ್ಸ್ಟ್. ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತದೆ. ಎಕ್ಸ್‌ಪೋಶರ್ ಅಂತ ಒಂದು ತಲೆಬರಹ, ಕೆಳಗೆ ಕಾಂಪನ್ಸೇಶನ್, ಅದರ ಎದುರು ಒಂದು ಸಂಖ್ಯೆ. ಸಾಫ್ಟ್‌ವೇರ್ ಇಲ್ಲದೆಯೂ ಎಡಿಟ್ ಓದಬಹುದು! ಇಷ್ಟು ಪಾರದರ್ಶಕವಾಗಿರುವುದು ನನಗೆ ತುಂಬಾ ಇಷ್ಟ. ಆದರೆ ಅದರ ಹಿಸ್ಟರಿ ಪಟ್ಟಿ, ಸ್ನ್ಯಾಪ್‌ಶಾಟ್ ಎರಡೂ ಫೋಟೋ ಮುಚ್ಚಿದಾಗ ಹೋಗುತ್ತವೆ. ಉಳಿಯುವುದು ಕೊನೆಯ ಸ್ಥಿತಿ ಮಾತ್ರ. ಡಾರ್ಕ್‌ಟೇಬಲ್‌ನಲ್ಲಿ ಹಿಸ್ಟರಿ ಎಕ್ಸ್‌ಎಂಪಿಯಲ್ಲೇ ಕೂತಿರುತ್ತದೆ. ಒಂದೇ ಫೋಟೋಗೆ ಕಪ್ಪುಬಿಳುಪಿನದೊಂದು, ಬಣ್ಣದ್ದೊಂದು ಅಂತ ಮಾಡಿಕೊಂಡರೆ ಎರಡನೆಯದಕ್ಕೂ ಅದರದೇ ಎಕ್ಸ್‌ಎಂಪಿ ಬರುತ್ತದೆ. ರಾ ಫೈಲ್ ಮಾತ್ರ ಒಂದೇ.

ಕಾಫಿ ಹೂವಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹೂ ಮಳೆ ಬಿದ್ದು ವಾರ ಕಳೆದ ಮೇಲೆ ತೋಟವೆಲ್ಲ ಬೆಳ್ಳಗಾಗುತ್ತದೆ, ಬಿಸಿಲಿಗೆ ದಳಗಳ ವಿವರ ಸುಟ್ಟುಹೋಗುತ್ತದೆ. ಹೈಲೈಟ್, ಅಂದರೆ ತೀರಾ ಬೆಳಕಿನ ಭಾಗದ ವಿವರವನ್ನು ಮೂರೂ ಒಂದು ಮಟ್ಟಿಗೆ ವಾಪಸ್ ತರುತ್ತವೆ. ತೆಗೆಯುವಾಗಲೇ ಎಕ್ಸ್‌ಪೋಶರ್ ಸ್ವಲ್ಪ ಕಡಿಮೆ ಇಟ್ಟರೆ ಈ ಚರ್ಚೆಯೇ ಬೇಡ.

ಮದುವೆ ಮಾತ್ರ ಬೇರೆ ಲೋಕ. ಕಲ್ಯಾಣ ಮಂಟಪದಲ್ಲಿ ಒಂದು ಕಡೆ ಹಳದಿ ಬಲ್ಬ್, ಇನ್ನೊಂದು ಕಡೆ ನೀಲಿ ಎಲ್‌ಇಡಿ, ಮಧ್ಯೆ ಹೋಮದ ಹೊಗೆ. ಧಾರೆಯ ಹೊತ್ತಿನ ಫೋಟೋಗಳೇ ನೂರಾರು. ಒಂದನ್ನು ಸರಿಮಾಡಿ ಉಳಿದವಕ್ಕೆ ಸಿಂಕ್ ಮಾಡುವುದರಲ್ಲಿ, ಮುಖಗಳನ್ನು ತಾನೇ ಹುಡುಕಿ ಮಾಸ್ಕ್ ಹಾಕುವುದರಲ್ಲಿ ಲೈಟ್‌ರೂಮ್ ಮುಂದು. ಡಾರ್ಕ್‌ಟೇಬಲ್‌ನಲ್ಲೂ ಹಿಸ್ಟರಿ ಕಾಪಿ ಮಾಡಿ ಪೇಸ್ಟ್ ಮಾಡಬಹುದು, ಸ್ಟೈಲ್ ಇಟ್ಟುಕೊಳ್ಳಬಹುದು. ಆದರೆ ಆಲ್ಬಂ ಬೇಗ ಕೊಡಿ ಅಂತ ಮನೆಯವರು ಫೋನ್ ಮಾಡುತ್ತಿರುವಾಗ ವೇಗವೇ ಮುಖ್ಯ ಅಲ್ವಾ? ಮದುವೆಯೇ ಹೊಟ್ಟೆಪಾಡು ಆದವರಿಗೆ ಲೈಟ್‌ರೂಮ್ ಬಿಡಿ ಅಂತ ನಾನು ಹೇಳುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ಮಾತು. ಡಾರ್ಕ್‌ಟೇಬಲ್ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಓಡುತ್ತದೆ, ಇಲ್ಲದಿದ್ದರೆ ತೆವಳುತ್ತದೆ.

ಜನ ಕಡೆಗಣಿಸುವ ಇನ್ನೊಂದು ಹಂತ ರಾ ಎಡಿಟ್ ಮುಗಿದ ಮೇಲಿನದು. ಮದನಿಕೆಯ ಮುಂದೆ ಹಾದುಹೋದ ವಿದ್ಯುತ್ ತಂತಿ ತೆಗೆಯಬೇಕು ಅಂತಿಟ್ಟುಕೊಳ್ಳಿ. ಸಣ್ಣದಾದರೆ ಡಾರ್ಕ್‌ಟೇಬಲ್‌ನ ರಿಟಚ್‌ನಲ್ಲೇ ಮುಗಿಸುತ್ತೇನೆ. ದೊಡ್ಡ ಕೆಲಸಕ್ಕೆ ಗಿಂಪ್ ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರ್ ಬೇಕು. ಅಲ್ಲಿಗೆ ಕಳಿಸಲು 16 ಬಿಟ್ ಟಿಫ್ ಫೈಲ್ ಮಾಡಿದರೆ, 24 ಮೆಗಾಪಿಕ್ಸೆಲ್ ಫೋಟೋ ಕಂಪ್ರೆಸ್ ಮಾಡದೆ ಸುಮಾರು 144 ಎಂಬಿ ಆಗುತ್ತದೆ. ಸೈಡ್‌ಕಾರ್ ಕೆಲವೇ ಕೆಬಿ. ಟಿಫ್ ಮಾಡಿದ ಮೇಲೆ ರಾ ಹಂತದ ಸ್ಲೈಡರ್‌ಗಳು ಅದರಲ್ಲಿ ಇರುವುದಿಲ್ಲ. ಹಾಗಾಗಿ ಬಣ್ಣ, ಬೆಳಕು ಎಲ್ಲಾ ಮೊದಲೇ ಮುಗಿಸಿ ಕಳಿಸಬೇಕು. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0ದಲ್ಲಿ ಫಿಲ್ಟರ್‌ಗಳು ಲೇಯರ್ ಮೇಲೆ ಬೇರೆಯಾಗಿ ಉಳಿಯುತ್ತವೆ, ಆಮೇಲೆ ಬದಲಿಸಬಹುದು, ಆಫ್ ಮಾಡಬಹುದು. ಗಿಂಪ್‌ನದೇ ಫೈಲ್ ಆದ ಎಕ್ಸ್‌ಸಿಎಫ್ ಆಗಿ ಸೇವ್ ಮಾಡಿ. ತಂತಿ ಒರೆಸುವುದನ್ನು ಸುಮ್ನೆ ಮೂಲ ಲೇಯರ್ ಮೇಲೆ ಮಾಡದೆ ಖಾಲಿ ಲೇಯರ್ ಹಾಕಿಕೊಂಡು ಮಾಡಿ.

ಈಗ ನನ್ನ ಫೋಲ್ಡರ್‌ಗಳು ವರ್ಷ, ಊರು ಅಂತ ಇವೆ. ರಾ ಫೈಲ್, ಪಕ್ಕದಲ್ಲೇ ಎಕ್ಸ್‌ಎಂಪಿ. ಜೆಪೆಗ್ ಬೇರೆ ಫೋಲ್ಡರ್, ಅದನ್ನು ಯಾವಾಗ ಬೇಕಾದರೂ ಅಳಿಸಬಹುದು. ರಾ ಫೈಲ್‌ಗಳ ಇನ್ನೊಂದು ಪ್ರತಿ ಹಾಸನದ ಗೆಳೆಯನ ಡಿಸ್ಕ್‌ನಲ್ಲಿದೆ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಇದ್ದರೂ ಇಲ್ಲದ ಹಾಗೆ, ದೊಡ್ಡ ಫೈಲ್ ಹೋಗುವುದಿಲ್ಲ. ಎಕ್ಸ್‌ಎಂಪಿ ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಹೋಗಿಬಿಡುತ್ತದೆ. ಅವನು ಅದನ್ನು ತನ್ನ ಫೋಲ್ಡರ್‌ಗೆ ಹಾಕಿ ಡಾರ್ಕ್‌ಟೇಬಲ್ ತೆರೆದರೆ ನನ್ನ ಎಡಿಟ್ ಪೂರ್ತಿ ಅಲ್ಲಿ ಬರುತ್ತದೆ. "ಆಕಾಶ ಜಾಸ್ತಿ ನೀಲಿ ಆಯ್ತು ಮಾರಾಯ, ಒಂಚೂರು ಇಳಿಸಿದ್ದೀನಿ ನೋಡು" ಅಂತ ಅವನು ತಿರುಗಿ ಕಳಿಸುತ್ತಾನೆ. ಇದಕ್ಕೆ ಪ್ರಿಫರೆನ್ಸಸ್‌ನ ಸ್ಟೋರೇಜ್ ಭಾಗದಲ್ಲಿ, ಶುರುವಾಗುವಾಗ ಬದಲಾದ ಎಕ್ಸ್‌ಎಂಪಿ ಹುಡುಕುವ ಆಯ್ಕೆ ಆನ್ ಇರಬೇಕು. ಇಬ್ಬರ ಹತ್ತಿರವೂ ಒಂದೇ ವರ್ಷನ್ ಇರಬೇಕು. ಹೊಸ ವರ್ಷನ್‌ನಲ್ಲಿ ಮಾಡಿದ ಎಡಿಟ್ ಹಳೆಯದರಲ್ಲಿ ಸರಿಯಾಗಿ ತೆರೆಯುವುದಿಲ್ಲ, ಹಾಗಾಗಿ ಅಪ್‌ಡೇಟ್ ಮಾಡುವ ಮೊದಲು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ.