ರೋಟರಿ ಕ್ಲಬ್ ಅಧ್ಯಕ್ಷರ ಅರ್ಹತೆ: ಸದಸ್ಯನೊಬ್ಬನ ವಿಮರ್ಶೆ

ರೋಟರಿ ಕ್ಲಬ್‌ನ ಅಧ್ಯಕ್ಷರಾಗಬಯಸುವವರು ನಾಮನಿರ್ದೇಶನಕ್ಕೆ ಮೊದಲು ಕನಿಷ್ಠ 1 ವರ್ಷ ಆ ಕ್ಲಬ್‌ನ ಸದಸ್ಯರಾಗಿದ್ದರೆ ಸಾಕೆಂಬ ನಿಯಮ ನನಗೆ ತೀರ ಸಡಿಲವೆನಿಸುತ್ತದೆ. ರಕ್ತದಾನ ಶಿಬಿರಕ್ಕೆ ಆಸ್ಪತ್ರೆಯವರನ್ನು ಒಪ್ಪಿಸುವುದು, ದೇಣಿಗೆಯ ಲೆಕ್ಕ ಇಡುವುದು, ಮುನಿಸಿಕೊಂಡ ಹಿರಿಯ ಸದಸ್ಯರನ್ನು ಮತ್ತೆ ಸಭೆಗೆ ಕರೆತರುವುದು (ಎಲ್ಲಕ್ಕಿಂತ ಕಷ್ಟದ್ದು ಇದೇ) ಅಷ್ಟರಲ್ಲಿ ಕರಗತವಾಗುವ ಕೆಲಸಗಳಲ್ಲ. ಆದರೆ ಅಧಿಕಾರ ವಹಿಸಿಕೊಳ್ಳುವ ಜುಲೈ 1ಕ್ಕೆ ಕನಿಷ್ಠ 18 ತಿಂಗಳು ಮೊದಲೇ ನಾಮನಿರ್ದೇಶನ ನಡೆಯಬೇಕಾಗಿರುವುದರಿಂದಲೂ, ನಿಯೋಜಿತ ಅಧ್ಯಕ್ಷರಿಗೆ ಪ್ರತ್ಯೇಕ ತರಬೇತಿ ಇರುವುದರಿಂದಲೂ ಈ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಒಂದು ಪ್ರದೇಶದ ಹಲವು ಕ್ಲಬ್‌ಗಳ ಮೇಲ್ವಿಚಾರಣೆ ನಡೆಸುವ ಡಿಸ್ಟ್ರಿಕ್ಟ್ ಗವರ್ನರ್ ಹುದ್ದೆಗೆ 7 ವರ್ಷಗಳ ಸದಸ್ಯತ್ವವನ್ನೂ ಕ್ಲಬ್ ಅಧ್ಯಕ್ಷರಾಗಿ ದುಡಿದ ಅನುಭವವನ್ನೂ ಕೇಳುವುದು ಸರಿಯಾಗಿಯೇ ಇದೆ. ಸೇರಬಯಸುವವರು, ಕಾರ್ಯದರ್ಶಿಯಾಗಿ ಒಂದು ಅವಧಿ ದುಡಿದವರನ್ನೇ ಅಧ್ಯಕ್ಷರಾಗಿ ಆರಿಸುವ ರೂಢಿಯಿರುವ ಕ್ಲಬ್ಬನ್ನು ಆರಿಸಿಕೊಳ್ಳುವುದು ಒಳಿತು.