ಎಂಆರ್‌ಐಯಲ್ಲಿ ಅಂಗಾಂಶದ ಪಿಎಚ್: ಅಯೊಪಮಿಡಾಲೋ ಗ್ಯಾಡೊಲಿನಿಯಮ್ಮೋ?

ಮುಂಬೈ-ಪುಣೆಯ ಲ್ಯಾಬ್‌ಗಳಲ್ಲಿ ಗೆಡ್ಡೆಯ ಪಿಎಚ್ ಅಳೆಯಹೊರಟ ಕನ್ನಡದ ಗೆಳೆಯರಿಗೆ ನಮ್ಮ ಮೊದಲ ಸಲಹೆ ಅಯೊಪಮಿಡಾಲ್. ಸಿಟಿ ಸ್ಕ್ಯಾನಿನಲ್ಲಿ ಚಿತ್ರ ಸ್ಪಷ್ಟವಾಗಲು ಚುಚ್ಚುವ ಅದೇ ಅಯೋಡಿನ್ ಔಷಧ. ಅದರ ಅಮೈಡ್ ಪ್ರೋಟಾನುಗಳು (ಸಾರಜನಕಕ್ಕೆ ಅಂಟಿ, ಸುತ್ತಲಿನ ನೀರಿನೊಂದಿಗೆ ಅದಲುಬದಲಾಗುವ ಹೈಡ್ರೋಜನ್‌ಗಳು) ನೀರಿನ ಆವರ್ತನದಿಂದ 4.2 ಮತ್ತು 5.6 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ದೂರದಲ್ಲಿ ಎರಡು ಸಂಕೇತ ಕೊಡುತ್ತವೆ. ಇವುಗಳ ಅನುಪಾತದಿಂದ ಪಿಎಚ್ ಸಿಗುವುದರಿಂದ ಔಷಧ ಎಷ್ಟು ಸೇರಿದೆ ಎಂಬುದು ಅಡ್ಡಬರುವುದಿಲ್ಲ. ಸಿಟಿಯ ಇನ್ನೊಂದು ಔಷಧವಾದ ಅಯೊಹೆಕ್ಸಾಲಿನಲ್ಲಿ ಇಂಥ ಜೋಡಿ ಇಲ್ಲ. ಬದಲಿಗೆ ಅದನ್ನು ತರಬೇಡಿ.

ಗ್ಯಾಡೊಲಿನಿಯಂ ಲೋಹದ ಔಷಧವಾದ ಗ್ಯಾಡೊಲಿನಿಯಂ-ಡೋಟಾ-4ಎಎಂಪಿಯಲ್ಲಿ ಪಿಎಚ್ ಜೊತೆ ಬದಲಾಗುವುದು ರಿಲಾಕ್ಸಿವಿಟಿ, ಅಂದರೆ ಎಂಆರ್‌ಐ ಸಂಕೇತವನ್ನು ಬದಲಿಸುವ ಅದರ ಶಕ್ತಿ. ಸಂಕೇತ ಬಲವಾಗಿದೆ, ಆದರೆ ಸಾಂದ್ರತೆ ಬೇರೆಯಾಗಿ ತಿಳಿಯದಿದ್ದರೆ ಲೆಕ್ಕ ಕೂಡುವುದಿಲ್ಲ. ಪಿಎಚ್‌ಗೆ ಸ್ಪಂದಿಸದ ಎರಡನೇ ಔಷಧವನ್ನೂ ಚುಚ್ಚಬೇಕು, ಎರಡೂ ಒಂದೇ ರೀತಿ ಹರಡುತ್ತವೆಂದು ನಂಬಬೇಕು. ಪ್ರಾಣಿ ಪ್ರಯೋಗಕ್ಕೆ ಸರಿ.

ಅಯೊಪಮಿಡಾಲಿಗೂ ತೊಡಕಿದೆ. 3 ಟೆಸ್ಲಾದಲ್ಲಿ ಎರಡು ಸಂಕೇತಗಳ ಅಂತರ ಸುಮಾರು 180 ಹರ್ಟ್ಸ್ ಮಾತ್ರ. 7 ಟೆಸ್ಲಾದಲ್ಲಿ ಸುಮಾರು 420. ಆದ್ದರಿಂದ ಶಿಮ್ಮಿಂಗ್ (ಕಾಂತಕ್ಷೇತ್ರವನ್ನು ಎಲ್ಲೆಡೆ ಸಮನಾಗಿಸುವುದು) ಕೆಟ್ಟರೆ ಅನುಪಾತವೂ ಕೆಡುತ್ತದೆ, ಬಿ0 ನಕ್ಷೆ (ಮುಖ್ಯ ಕಾಂತಕ್ಷೇತ್ರದ ಏರುಪೇರಿನ ನಕ್ಷೆ) ತೆಗೆದು ತಿದ್ದಲೇಬೇಕು. ಅನುಪಾತವನ್ನು ಪಿಎಚ್‌ಗೆ ಹೊಂದಿಸುವ ಕ್ಯಾಲಿಬ್ರೇಶನ್ ರೇಖೆಗೆ 30 ಮಿಲಿಮೋಲಾರ್ ದ್ರಾವಣ, ಪಿಎಚ್ 6.0ರಿಂದ 7.4ರವರೆಗೆ 0.2ರ ಹೆಜ್ಜೆಯಲ್ಲಿ, 37 ಡಿಗ್ರಿಯಲ್ಲೇ ಇಡಿ. ಎಸಿ ಕೋಣೆಯ ತಂಪಿನಲ್ಲಿ ಪ್ರೋಟಾನ್ ವಿನಿಮಯ ನಿಧಾನವಾಗಿ ರೇಖೆಯೇ ಸರಿದುಬಿಡುತ್ತದೆ. ಮನುಷ್ಯರಿಗೆ ಕೊಡುವ ಮುನ್ನ ಮೂತ್ರಪಿಂಡದ ಪರೀಕ್ಷೆ, ಅಯೋಡಿನ್ ಔಷಧದ ಅಲರ್ಜಿಯ ವಿಚಾರಣೆ ತಪ್ಪಿಸಬೇಡಿ.